ಮೂರಡಿ ಬಾಗಿಲು

ಜನವರಿ 5, ಸೋಮವಾರ

ಇವತ್ತು ಮೇಸ್ತ್ರಿ ಬಂದು ಮನೆಯ ಮುಂಭಾಗಕ್ಕೆ ದಾರ ಕಟ್ಟಿದರು. ಬಿರುಗಾಳಿಗೆ ಬಿದ್ದದ್ದು ಮುಂದಿನ ಅರ್ಧ: ಹಾಲ್, ತಮ್ಮನ ಕೋಣೆ, ಬಚ್ಚಲು, ಬೀದಿಗೆ ಇಳಿಯುವ ಮೂರು ಮೆಟ್ಟಿಲು. ಹಿಂದಿನ ಅಡುಗೆಮನೆಯೂ ಅದರ ಪಕ್ಕದ ಸಣ್ಣ ಕೋಣೆಯೂ ಉಳಿದಿವೆ. ಎರಡೂವರೆ ತಿಂಗಳಿಂದ ಅಮ್ಮನೂ ನಾನೂ ನನ್ನ ಎರಡು ಹೊಲಿಗೆ ಮೆಷಿನ್‌ಗಳೂ ಅಲ್ಲೇ ಇದ್ದೇವೆ, ಡಬ್ಬಿಯಲ್ಲಿ ತುರುಕಿದ ಗುಂಡಿಗಳ ಹಾಗೆ.

"ಬಾಗಿಲು ಎರಡೂವರೆ ಅಡಿ ಸಾಕಲ್ವಾ?" ಎಂದು ಮೇಸ್ತ್ರಿ ಕೇಳಿದರು.

"ಮೂರಡಿ," ಎಂದಳು ಅಮ್ಮ. "ಎಲ್ಲೂ ಹೊಸ್ತಿಲು ಬೇಡ. ಮೆಟ್ಟಿಲೂ ಬೇಡ, ಇಳಿಜಾರು ಮಾಡಿ. ಬಚ್ಚಲ ಗೋಡೆಗೆ ಹಿಡ್ಕೊಳ್ಳೋಕೆ ಕಂಬಿ ಹಾಕಿ. ನನ್ನ ಮಗ ಗಾಲಿಕುರ್ಚಿಯಲ್ಲಿ ಓಡಾಡ್ತಾನೆ."

ಮೇಸ್ತ್ರಿ ನನ್ನ ಮುಖ ನೋಡಿದರು. ಅವರಿಗೆ ಗೊತ್ತು, ಬೀದಿಗೆಲ್ಲ ಗೊತ್ತು. ಬಿರುಗಾಳಿಯ ದಿನ ಚಾವಣಿ ಕುಸಿದು ತಮ್ಮ ತೀರಿಕೊಂಡ. ಅವನ ಕುರ್ಚಿ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ನಾನು ಅಮ್ಮನನ್ನು ಹೊರಗೆ ಬಿಟ್ಟು ವಾಪಸ್ ಹೋಗಿದ್ದೆ, ಆಗಲಿಲ್ಲ.

"ಅಮ್ಮ ಹೇಳಿದ ಹಾಗೇ ಮಾಡಿ," ಅಂದೆ.

ಹೊಲಿಯಲು ಕೈ ಬರುತ್ತಿಲ್ಲ. ಅದಕ್ಕೇ ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೈದು ವರ್ಷ ಊರವರ ಎದೆ, ಸೊಂಟ, ತೋಳು ಬರೆದದ್ದಾಯಿತು. ನಾಲ್ಕು ಸಾಲು ನನಗೂ ಇರಲಿ.

ಜನವರಿ 9

ಚಿಕ್ಕಪ್ಪ ಬಂದಿದ್ದರು. ಗುರುತು ಹಾಕಿದ್ದ ಇಳಿಜಾರನ್ನು ಹೆಜ್ಜೆಯಲ್ಲಿ ಅಳೆದರು. ಹದಿನೆಂಟು ಅಡಿ. ಗೇಟಿನಿಂದ ಹೊರಟು, ಗೋಡೆಯ ಪಕ್ಕ ಬಳಸಿಕೊಂಡು, ಹಾಲಿನ ಬಾಗಿಲಿಗೆ ಬರಬೇಕು. ಅದಕ್ಕಿಂತ ಗಿಡ್ಡ ಮಾಡಿದರೆ ಕಡಿದಾಗುತ್ತದೆ, ಕೂತವನು ತಾನೇ ಹತ್ತಲಾರ ಎಂದು ಮೇಸ್ತ್ರಿ ಹೇಳುತ್ತಾರೆ.

"ಇಲ್ಲದವನಿಗೆ ಇಳಿಜಾರು ಯಾಕೆ?" ಎಂದು ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಅತ್ತಿಗೆಗೆ ತಲೆ ಕೆಟ್ಟಿದೆ. ನಿನಗೇನಾಗಿದೆ?"

"ಅಮ್ಮನಿಗೂ ಎಪ್ಪತ್ತೆರಡಾಯ್ತು ಚಿಕ್ಕಪ್ಪ. ಮಂಡಿ ಮಾತು ಕೇಳಲ್ಲ. ನಾಳೆ ಅವಳಿಗೇ ಬೇಕಾಗುತ್ತೆ ಅಂದ್ಕೊಳ್ಳಿ."

ನನಗಂತೂ ಈ ಭ್ರಮೆಯಿಲ್ಲ. ಒಂದು ಮನೆಯಲ್ಲಿ ಒಬ್ಬರ ತಲೆಯಾದರೂ ನೆಟ್ಟಗಿರಬೇಕು. ಹಳೆಯ ಬಾಗಿಲು ಇಪ್ಪತ್ತಾರು ಅಂಗುಲ, ಅವನ ಕುರ್ಚಿ ಇಪ್ಪತ್ತೈದು. ನೆಟ್ಟಗೆ ಬಂದರೆ ಹಿಡಿಸುತ್ತಿತ್ತು, ಕೂದಲೆಳೆಯಷ್ಟು ಓರೆಯಾದರೂ ಬೆರಳ ಗಂಟು ತರಚುತ್ತಿತ್ತು. "ಅಕ್ಕ, ಈ ಬಾಗಿಲು ಒಡೆಸೋಣ," ಎಂದು ಐದು ವರ್ಷ ಕೇಳಿದ. ನಾನು ಐದು ವರ್ಷ "ನೋಡೋಣ" ಅಂದೆ. ಈಗ ಒಡೆದಿದೆ.

ಜನವರಿ 22, ಗುರುವಾರ

ಅವಶೇಷದಡಿ ಸಿಕ್ಕಿದ್ದ ಕುರ್ಚಿಯನ್ನು ಸೈಕಲ್ ಶಾಪಿನವರು ಸರಿಮಾಡಿ ತಂದುಕೊಟ್ಟರು. ಅಮ್ಮ ಕೇಳಿದ್ದಳಂತೆ, ನನಗೆ ಹೇಳಿರಲಿಲ್ಲ. ಎಡಗಾಲಿ ಮಾತ್ರ ಪೂರ್ತಿ ಸರಿಹೋಗಿಲ್ಲ, ಒಂದು ಸುತ್ತಿಗೆ ಒಂದು ಸಲ "ಟಿಕ್" ಅನ್ನುತ್ತದೆ.

"ಇದನ್ನ ಯಾಕೆ ತರಿಸಿದೆ?"

"ಬಾಗಿಲಿಗೆ ಹಿಡಿಸುತ್ತಾ ನೋಡಬೇಡ್ವಾ?"

ಅಮ್ಮನೊಂದಿಗೆ ವಾದ ಮಾಡುವುದೂ ಗೋಡೆಗೆ ಹಣೆ ಚಚ್ಚಿಕೊಳ್ಳುವುದೂ ಒಂದೇ. ಅದರಲ್ಲೂ ನಮಗೆ ಈಗ ಪೂರ್ತಿ ಗೋಡೆಯೂ ಇಲ್ಲ. ಕುರ್ಚಿಯನ್ನು ಹಾಲಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇಟ್ಟೆ. ಮುಖ ಅರ್ಧ ಎದ್ದ ಗೋಡೆಯ ಕಡೆಗೆ ತಿರುಗಿಸಿ ಇಟ್ಟೆ. ಕುರ್ಚಿಗೆ ಮುಖ ಎಲ್ಲಿಯದು.

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ಇಳಿಜಾರಿಗೆ ಕಾಂಕ್ರೀಟ್ ಹಾಕಿ, ಮೇಲೆ ಸಿಮೆಂಟ್ ಗಾರೆ ಎಳೆದು ಮೇಸ್ತ್ರಿ ಊಟಕ್ಕೆ ಹೋದರು. ಒಂದೂವರೆಗೆ ಹೋಗಿ ಮೂರಕ್ಕೆ ಬಂದರು. ಬಂದವರು ಒಳಗೆ ಕಾಲಿಡದೆ ಗೇಟಿನಿಂದಲೇ ನನ್ನನ್ನು ಕರೆದರು.

ಹಸಿ ಗಾರೆಯ ಮೇಲೆ ಗಾಲಿಯ ಎರಡು ಗೆರೆ. ಕೆಳಗಿನಿಂದ ಮೇಲಕ್ಕೆ, ಬಾಗಿಲವರೆಗೆ. ದಾರ ಎಳೆದು ಹಾಕಿದ ಹಾಗೆ ಸಮವಾಗಿದ್ದವು. ಇಳಿದು ಬಂದ ಗುರುತು ಇರಲಿಲ್ಲ.

"ನಡುವೆ ನೋಡಿ ಅಕ್ಕಾವ್ರೇ," ಎಂದರು ಮೇಸ್ತ್ರಿ. ಗೆರೆಗಳ ನಡುವೆ ಬರಿಗಾಲಿನ ಗುರುತುಗಳು. ಯಾರೋ ಕುರ್ಚಿಯನ್ನು ತಳ್ಳಿಕೊಂಡು ಹತ್ತಿದ್ದಾರೆ.

"ಅಮ್ಮ ಇರಬೇಕು," ಅಂದೆ.

"ಅಮ್ಮಾವ್ರ ಮಂಡಿಗೆ ಇದನ್ನ ಹತ್ತೋಕಾಗುತ್ತಾ?"

"ಹಟಕ್ಕೆ ಮಂಡಿ ಬೇಕಾ ಮೇಸ್ತ್ರಿ?"

ಅವರು ನಗಲಿಲ್ಲ. ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಎಳೆದರು. ಕೆತ್ತಿದ ಹೆಂಟೆಗಳನ್ನು ಹಿತ್ತಲಿಗೆ ಎಸೆದರು. ಟಾರ್ಪಾಲಿನ ಕೆಳಗೆ ನೋಡಿದೆ. ಕುರ್ಚಿ ಇಟ್ಟಲ್ಲೇ ಇತ್ತು, ಆದರೆ ಈಗ ಬಾಗಿಲ ಕಡೆ ತಿರುಗಿತ್ತು.

ಫೆಬ್ರವರಿ 4

ಅಮ್ಮನನ್ನು ಕೇಳಿದೆ. "ನಾನಲ್ಲ," ಅಂದಳು. ಮತ್ತೇನೋ ಹೇಳಹೋಗಿ ಒಲೆಯ ಕಡೆ ತಿರುಗಿದಳು. ಸುಳ್ಳು ಹೇಳುವ ವಯಸ್ಸಲ್ಲ ಎಂದು ಬಿಟ್ಟುಬಿಟ್ಟೆ.

ಫೆಬ್ರವರಿ 13, ಶುಕ್ರವಾರ

ಸ್ವಿಚ್‌ಗಳು ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ಅರ್ಧ ದಿನ ಹೋಯಿತು. ಮೂರೂವರೆ ಅಡಿ ಎಂದು ಮೇಸ್ತ್ರಿ. ಈ ಪುಸ್ತಕದ ಮುಂಭಾಗದಲ್ಲಿ ತಮ್ಮನ ಶರ್ಟಿನ ಅಳತೆಯಿದೆ: ಭುಜ ಹದಿನೆಂಟು, ತೋಳು ಇಪ್ಪತ್ತೈದು. ಅವನಿಗೆ ಕೈ ಉದ್ದ, ಎದೆ ಅಗಲ. ಲೆಕ್ಕ ಹಾಕಿದರೆ ಸ್ವಿಚ್ಚು ಮೂರು ಮುಕ್ಕಾಲು ಅಡಿಗೆ ಬಂದರೇ ಅವನಿಗೆ ಸಲೀಸು. ಕೈ ತೊಳೆಯುವ ಬೇಸಿನ್ನೂ ಅಷ್ಟೇ, ಅವನ ಮಂಡಿ ಎತ್ತರ, ಸಾಮಾನ್ಯ ಅಳತೆಗೆ ಇಟ್ಟರೆ ಕಾಲು ತಗಲುತ್ತದೆ. ಕನ್ನಡಿಯನ್ನು ಅವನು ಗಡ್ಡ ಹೆರೆದುಕೊಳ್ಳುವಾಗ ಕತ್ತು ಎತ್ತುವಷ್ಟು ಮೇಲೆ ಹಾಕಬೇಕು.

ಮೇಸ್ತ್ರಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದುಕೊಂಡರು. "ಅಕ್ಕಾವ್ರೇ, ಒಂದು ಮಾತು," ಎಂದರು. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮತ್ತೆ ಟೇಪ್ ಹಿಡಿದರು.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮೂರಂಗುಲಕ್ಕೆ ಇಷ್ಟೊಂದು ಜಗಳ ಯಾಕೆ ಎಂದು ಕೇಳಿದಳು. ಮೊದಲು ಹಟ ಹಿಡಿದವಳು ಯಾರು ಎಂದು ನಾನೂ ಕೇಳಿದೆ.

ಫೆಬ್ರವರಿ 21

ಮೇಸ್ತ್ರಿ ಇನ್ನು ಮಧ್ಯಾಹ್ನ ಊಟಕ್ಕೆ ಹೋಗುವುದಿಲ್ಲವಂತೆ. ಬುತ್ತಿ ತಂದು ಗೇಟಿನ ಹೊರಗೆ, ಬೀದಿಯ ತಿರುವಿನಾಚೆ ಕೂತು ಉಣ್ಣುತ್ತಾರೆ. ಬಿಸಿಲು.

"ಒಳಗೆ ಕೂತ್ಕೊಳ್ಳಿ," ಅಂದರೆ ಬೇಡ ಎನ್ನುತ್ತಾರೆ. ಒತ್ತಾಯ ಮಾಡಿದ ಮೇಲೆ ಹೇಳಿದರು. ಗಾರೆ ಎಳೆಯುವ ಕರಣೆಯನ್ನು ಅವರು ಯಾವಾಗಲೂ ಕಿಟಕಿಯ ಮೇಲಿನ ಕಟ್ಟೆಯ ಮೇಲಿಡುತ್ತಾರೆ. ಊಟ ಮುಗಿಸಿ ಬಂದರೆ ಅದು ಕೆಳಗಿನ ಗೂಡಿನಲ್ಲಿರುತ್ತದೆ. ಮಟ್ಟಗೋಲು ಮೊಳೆಗೆ ನೇತುಹಾಕಿದ್ದು ಮಡಿಲಿನ ಎತ್ತರಕ್ಕೆ ಇಳಿದಿರುತ್ತದೆ. ಶರ್ಟು, ನೀರಿನ ಬಾಟಲಿ, ಬೀಗದ ಕೈ. ಮೇಲಿದ್ದದ್ದೆಲ್ಲ ಕೆಳಗೆ.

"ಕೂತವರ ಕೈಗೆ ಸಿಗೋ ಹಾಗೆ," ಎಂದರು. "ಕಳ್ಳತನ ಅಲ್ಲ. ಒಂದು ಮೊಳೆ ಕಳೆದಿಲ್ಲ. ಯಾರೋ ಮನೆ ಜೋಡಿಸ್ತಿದಾರೆ ಅಷ್ಟೇ."

"ಹೆದರಿಕೆನಾ ಮೇಸ್ತ್ರಿ?"

"ಹೆದರಿಕೆ ಅಲ್ಲ. ನಾನು ಇನ್ನೊಬ್ಬರು ವಾಸ ಇರೋ ಮನೇಲಿ ಕೆಲಸ ಮಾಡ್ತಿದೀನಿ ಅನ್ಸುತ್ತೆ."

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ. ಸಾಮಾನುಗಳು ಸರಿಯಾದ ಜಾಗದಲ್ಲೇ ಇವೆ ಅನಿಸಿತು.

ಅಂಗೈಯಲ್ಲಿ ಎರಡು ಬೊಬ್ಬೆ ಬಂದಿವೆ, ಹೆಬ್ಬೆರಳ ಬುಡದಲ್ಲಿ. ಇಟ್ಟಿಗೆ ಎತ್ತಿಕೊಟ್ಟಿದ್ದಕ್ಕೆ ಇರಬೇಕು. ಇಟ್ಟಿಗೆ ಕೆಲಸ ಮುಗಿದು ಹದಿನೈದು ದಿನವಾಯಿತಲ್ಲ.

ಮಾರ್ಚ್ 2, ಸೋಮವಾರ

ಅಮ್ಮ ಬದಲಾಗಿದ್ದಾಳೆ. ಹಿಂದಿನ ಬೀದಿಯ ಗೆಳತಿಯ ಮನೆಗೆ ತಾನೇ ನಡೆದು ಹೋಗಿ ಬರುತ್ತಾಳೆ. ರೇಡಿಯೋ ಹಾಕುತ್ತಾಳೆ. ಇವತ್ತು ಊಟಕ್ಕೆ ಕೂತಾಗ, "ಮನೆ ಮುಗಿದ ಮೇಲೆ ಮುಂದಿನ ಕೋಣೆ ಯಾರಿಗಾದ್ರೂ ಕೊಡೋಣ," ಅಂದಳು.

"ಯಾರಿಗೆ?"

"ಬೇಕಾದವರಿಗೆ. ಇಷ್ಟು ಅಗಲ ಬಾಗಿಲು ಇರೋ ಮನೆ ಈ ಸುತ್ತಲಲ್ಲಿ ಇನ್ನೊಂದಿಲ್ಲ. ಬೇಕಾದವರು ಇರ್ತಾರೆ."

"ಅವನ ಕೋಣೆ ಕೊಟ್ಟರೆ ಅವನು..."

ವಾಕ್ಯ ಮುಗಿಸಲಿಲ್ಲ. ಅಮ್ಮ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಅವನು ಏನು? ಹೇಳು," ಅಂದಳು.

ಎದ್ದು ಕೈ ತೊಳೆದೆ. ತಾಯಿ ಇಷ್ಟು ಬೇಗ ಮರೆಯಬಹುದು ಎಂದು ನಾನು ಎಣಿಸಿರಲಿಲ್ಲ.

ಮಾರ್ಚ್ 11

ಗೋಡೆಗೆ ಸುಣ್ಣ ಬಳಿದದ್ದಾಯಿತು. ತಿಳಿ ಹಳದಿ, ಅವನಿಗೆ ಬಿಳಿ ಕಣ್ಣಿಗೆ ಚುಚ್ಚುತ್ತದೆ. ಬಾಗಿಲಿಗೆ ಗುಂಡು ಹಿಡಿಯ ಬದಲು ಉದ್ದ ಹಿಡಿ ಹಾಕಿಸಿದೆ, ಮೊಣಕೈಯಲ್ಲಿ ಒತ್ತಿದರೂ ತೆರೆಯುತ್ತದೆ.

ಮಧ್ಯಾಹ್ನ ಮೂರು ತಟ್ಟೆ ಹಾಕಿದ್ದೆನಂತೆ. ಅಮ್ಮ ಒಂದನ್ನು ಎತ್ತಿಟ್ಟಳು. ಮೇಸ್ತ್ರಿಗೆಂದು ಹಾಕಿರಬೇಕು.

ಮಾರ್ಚ್ 19, ಗುರುವಾರ

ಇದನ್ನು ಸಾವಧಾನವಾಗಿ ಬರೆಯಬೇಕು.

ಮೂರು ಗಂಟೆ ಹೊತ್ತು. ಮೇಸ್ತ್ರಿ ಬಂದಿರಲಿಲ್ಲ, ಇವತ್ತು ರಜೆ. ಅಮ್ಮ ಒಳಗೆ ಮಲಗಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಇಳಿಜಾರಿನ ಮೇಲೆ ಗಾಲಿ ಉರುಳುವ ಸದ್ದು ಕೇಳಿಸಿತು. ನಿಧಾನ, ಎಳೆದು, ಬಿಟ್ಟು, ಎಳೆದು. ಹದಿನೆಂಟು ಅಡಿ ಪೂರ್ತಿ ಕೇಳಿಸಿತು. ಆಮೇಲೆ ಹಾಲಿನ ನೆಲದ ಮೇಲೆ ಸದ್ದು ಬದಲಾಯಿತು. ಆಮೇಲೆ ಬ್ರೇಕ್ ಹಾಕಿದ ಸಪ್ಪಳ.

ನಾನು ತಲೆ ಎತ್ತಲೂ ಇಲ್ಲ. "ಬಂದ್ಯಾ? ಕೈ ತೊಳ್ಕೊ, ಬಡಿಸ್ತೀನಿ," ಅಂದೆ.

ಎಷ್ಟು ಸಹಜವಾಗಿ ಅಂದೆ ಎಂದರೆ, ಅಂದ ಮೇಲೂ ಪಾತ್ರೆ ಒರೆಸುತ್ತಲೇ ಇದ್ದೆ.

"ಒಳಗೆ ಬರಬಹುದಾ?" ಎಂದಿತು ಹೆಂಗಸಿನ ದನಿ.

ಕೈಯಲ್ಲಿದ್ದ ತಟ್ಟೆ ಬಿತ್ತು. ಹಾಲಿಗೆ ಬಂದೆ. ಗಾಲಿಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ನಲವತ್ತರ ಆಸುಪಾಸು, ಚಿಕ್ಕ ಆಳು, ಮಡಿಲಲ್ಲಿ ಬಟ್ಟೆಯ ಚೀಲ. ನನ್ನ ತಮ್ಮ ಹೊಲಿಗೆ ಮೆಷಿನ್‌ಗಳ ರಿಪೇರಿ ಮಾಡುತ್ತಿದ್ದ, ಇವರು ಅವನ ಗಿರಾಕಿ. ಕಸೂತಿ ಕಲಿಸುತ್ತಾರೆ. ಅವನು "ಟೀಚರ್" ಎಂದು ಹೇಳುತ್ತಿದ್ದದ್ದು ಇವರನ್ನೇ. ನಾನು ಮುಖ ನೋಡಿದ್ದು ಇದೇ ಮೊದಲು. ಹಳೆಯ ಮೆಟ್ಟಿಲು ಹತ್ತಿ ಅವರು ಒಮ್ಮೆಯೂ ಒಳಗೆ ಬಂದಿರಲಿಲ್ಲ.

"ನನ್ನ ಕೈಮೆಷಿನ್ ಅವರ ಹತ್ರ ಇತ್ತು," ಎಂದರು. "ಮಣ್ಣಲ್ಲಿ ಹೋಗಿದ್ರೆ ಹೋಗಲಿ. ಸಿಕ್ಕಿದೆಯೇನೋ ಅಂತ ಕೇಳೋಕೆ ಬಂದೆ. ಇಷ್ಟು ದಿನ ಬರೋಕೆ ಮನಸ್ಸಾಗಲಿಲ್ಲ."

ಸಿಕ್ಕಿರಲಿಲ್ಲ, ಹಾಗೆಂದು ಹೇಳಿದೆ. ಅವರು ತಲೆಯಾಡಿಸಿ, ಸುತ್ತ ನೋಡಿದರು. ಕೈ ತೊಳೆದುಕೊಳ್ಳುತ್ತೇನೆ ಎಂದು ಬಚ್ಚಲಿಗೆ ಹೋದರು. ಬಾಗಿಲು ಸರಾಗ. ಆದರೆ ಬೇಸಿನ್ನಿನ ನಲ್ಲಿ ಅವರ ಬೆರಳ ತುದಿಗೂ ಸರಿಯಾಗಿ ಸಿಗಲಿಲ್ಲ. ಕನ್ನಡಿಯಲ್ಲಿ ಹಣೆ ಮಾತ್ರ ಕಂಡಿತು. ಸ್ವಿಚ್ಚಿಗೆ ಕುರ್ಚಿಯಿಂದ ಮೈ ಎತ್ತಿ ಚಾಚಬೇಕಾಯಿತು. ಗೋಡೆಯ ಕಂಬಿಯೂ ದೂರ.

"ಯಾರ ಅಳತೆಗೆ ಮಾಡ್ಸಿದೀರಿ ಇದನ್ನ?" ಎಂದು ಕೇಳಿದರು. ಕುಹಕ ಇರಲಿಲ್ಲ. ಕೆಲಸ ಬಲ್ಲವರು ಕೆಲಸ ಬಲ್ಲವರನ್ನು ಕೇಳುವ ಹಾಗೆ ಕೇಳಿದರು.

"ನನ್ನ ತಮ್ಮನ ಅಳತೆ."

"ಅವರು ಇಲ್ವಲ್ಲ."

ಐದು ತಿಂಗಳಲ್ಲಿ ಆ ಮಾತನ್ನು ಯಾರೂ ನನ್ನ ಮುಖಕ್ಕೆ ಅಷ್ಟು ನೇರವಾಗಿ ಹೇಳಿರಲಿಲ್ಲ. ಹೊರಡಿ ಎಂದೆ. ಎರಡು ಸಲ ಎಂದೆ. ಅವರು ಬ್ರೇಕ್ ಬಿಚ್ಚಿ, ಕುರ್ಚಿಯನ್ನು ಒಂದೇ ಸುತ್ತಿಗೆ ತಿರುಗಿಸಿ ಹೊರಟರು. ತಿರುಗಲು ಜಾಗ ಧಾರಾಳವಾಗಿತ್ತು. ಅದೊಂದನ್ನು ಸರಿಯಾಗಿ ಮಾಡಿಸಿದ್ದೇನೆ.

ಮಾರ್ಚ್ 20

ಬೆಳಿಗ್ಗೆ ಅಮ್ಮ ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದಳು. ಬೊಬ್ಬೆ ಒಡೆದು ಗಟ್ಟಿಯಾಗಿದ್ದವು.

"ನಿನಗೆ ನಿಜವಾಗ್ಲೂ ಗೊತ್ತಿಲ್ವಾ?" ಅಂದಳು.

"ಏನು?"

"ದಿನಾ ಮಧ್ಯಾಹ್ನ ಎರಡು ಗಂಟೆಗೆ ನೀನು ಕುರ್ಚಿ ತಳ್ಕೊಂಡು ಓಡಾಡ್ತೀಯ. ಹಿತ್ತಲಿಂದ ಬಳಸಿ ಗೇಟಿಗೆ ತಂದು ಇಳಿಜಾರು ಹತ್ತಿಸ್ತೀಯ, ಆಮೇಲೆ ಹಾಲ್, ಕೋಣೆ, ಬಚ್ಚಲು. ಸಾಮಾನೆಲ್ಲ ಕೆಳಗಿಡ್ತೀಯ. ಆಮೇಲೆ ಬಂದು ಕೈಕಾಲು ತೊಳ್ಕೊಂಡು ಏನೂ ಆಗದ ಹಾಗೆ ಪಾತ್ರೆಗೆ ಕೂರ್ತೀಯ. ಮೊದಲ ದಿನ ನಾನು ಕರೆದೆ. ನೀನು ತಿರುಗಲಿಲ್ಲ. ನಿನ್ನ ಕಣ್ಣು ನೋಡಿ ನನಗೆ ಇನ್ನೊಂದು ಸಲ ಕರೆಯೋ ಧೈರ್ಯ ಬರಲಿಲ್ಲ."

ಅಮ್ಮನಿಗೆ ಕಣ್ಣು ಮಂಜು ಎಂದೆ. ಅವಳು ಮಾತು ಮುಂದುವರಿಸಿದಳು.

"ಮಾತೂ ಆಡ್ತೀಯ."

"ಏನಂತ?"

"'ಓರೆ ಮಾಡ್ಬೇಡ. ನೆಟ್ಟಗಿರು, ಇನ್ನೊಂದ್ಸಲ ಎಳೀತೀನಿ' ಅಂತ."

ಹಿತ್ತಲಿಗೆ ಹೋದೆ. ಮೇಸ್ತ್ರಿ ಕೆತ್ತಿ ಎಸೆದ ಗಾರೆಯ ಹೆಂಟೆಗಳು ಬೇಲಿಯ ಬುಡದಲ್ಲಿ ಹಾಗೇ ಇದ್ದವು. ಒಂದರಲ್ಲಿ ಪಾದದ ಮುಂಭಾಗ ಮೂಡಿತ್ತು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಚಪ್ಪಲಿ ಬಿಚ್ಚಿ ಇಟ್ಟು ನೋಡಿದೆ. ಕಂಡವರ ಮೈಯನ್ನೆಲ್ಲ ಅಳೆದವಳು ಆ ದಿನ ಒಂದು ಹೆಜ್ಜೆ ಅಳೆಯಲಿಲ್ಲ ಯಾಕೆ? ಕಲ್ಲಿನಷ್ಟು ಗಟ್ಟಿಯಾಗಿದ್ದ ಗಾರೆಯಲ್ಲಿ ನನ್ನ ಬೆರಳುಗಳು ಐದೂ ಕೂತವು. ತಣ್ಣಗಿತ್ತು.

ಹಗಲಿನ ಒಂದು ಗಂಟೆಯನ್ನು ದಿನಾ ಯಾರೋ ನನ್ನಿಂದ ಕತ್ತರಿಸಿ ತೆಗೆಯುತ್ತಿದ್ದರು, ಎರಡು ಅಂಚನ್ನೂ ಸೇರಿಸಿ ಹೊಲಿದು ಬಿಡುತ್ತಿದ್ದರು. ನನಗೆ ಹೊಲಿಗೆಯೂ ಕಂಡಿರಲಿಲ್ಲ.

ಆ ದಿನದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಬಿರುಗಾಳಿಗೆ ಗೋಡೆ ವಾಲಿ ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು. ಕುರ್ಚಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ನಾನು ಹಾಲಿನ ಕಡೆಯಿಂದ ಎಳೆಯುತ್ತಿದ್ದೆ. ಅವನು ಮೊದಲು ಮೆಲ್ಲಗೆ ಹೇಳಿದ, ಆಮೇಲೆ ಕೂಗಿ ಹೇಳಿದ: "ಕುರ್ಚಿ ಅಲ್ಲಕ್ಕಾ, ನನ್ನ ಎಳಿ." ಕೇಳಿಸಿತು. ಗಾಳಿಯ ಸದ್ದಿಗೆ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ಕೇಳಿಸಿತ್ತು. ಮೂವತ್ತು ವರ್ಷದಿಂದ ಕುರ್ಚಿಯೊಂದಿಗೇ ಅವನನ್ನು ತಳ್ಳಿ, ಎಳೆದು, ಎತ್ತಿ ಅಭ್ಯಾಸ. ಅವನೂ ಕುರ್ಚಿಯೂ ಬೇರೆ ಬೇರೆ ಎಂದು ಆ ಕ್ಷಣದಲ್ಲಿ ನನ್ನ ಕೈಗೆ ತಿಳಿಯಲಿಲ್ಲ. ಕೈ ಚಾಚಿದ್ದ. ಆ ಚಾಚಿದ ಕೈಗಳ ಪಕ್ಕದಲ್ಲೇ ನಾನು ಕುರ್ಚಿಯ ಕಂಬಿ ಹಿಡಿದು ಎಳೆದೆ. ಮೂರು ಸಲ ಎಳೆದೆ. ಆಮೇಲೆ ಮೇಲಿನಿಂದ ಎಲ್ಲ ಬಿತ್ತು, ನಾನು ಹಾಲಿನ ಈ ಬದಿಗೆ ಎಸೆಯಲ್ಪಟ್ಟೆ.

ಇದನ್ನು ಅಮ್ಮನಿಗೆ ಹೇಳಿದೆ. ಇಷ್ಟನ್ನೂ ಹೇಳಿದೆ.

"ನನಗೆ ಗೊತ್ತು," ಅಂದಳು ಅಮ್ಮ. "ಬೀದಿಯಲ್ಲಿ ನಿಂತಿದ್ದೆ. ಅವನು ಕೂಗಿದ್ದು ಕೇಳಿಸ್ತು."

"ಗೊತ್ತಿದ್ದೂ ನನ್ನ ಜೊತೆ ಇದ್ಯಲ್ಲಾ."

"ಇನ್ನೆಲ್ಲಿಗೆ ಹೋಗಲಿ? ನನಗಿರೋಳು ನೀನೊಬ್ಬಳು." ಮತ್ತೆ ಹೇಳಿದಳು, "ನನಗೆ ಮೂರಡಿ ಬಾಗಿಲು ಬೇಕಿತ್ತು. ಅವನು ಬರ್ತಾನೆ ಅಂತ ಅಲ್ಲ. ಮೊದಲು ಸ್ವಲ್ಪ ದಿನ ಹಾಗೂ ಅನ್ನಿಸಿತ್ತು, ಸುಳ್ಳು ಯಾಕೆ. ಆಮೇಲೆ, ಇನ್ಯಾರನ್ನೂ ಈ ಮನೇಲಿ ಹಾಗೆ ಎಳೆಯೋದು ಬೇಡ ಅಂತ."

ಎರಡು ಗಂಟೆಯಾದಾಗ ಅಮ್ಮ ನನ್ನ ಕೈ ಹಿಡಿದು ಕೂತಳು. ಮೂರರವರೆಗೆ ಬಿಡಲಿಲ್ಲ. ನಡುವೆ ಎಷ್ಟೋ ಸಲ ನಾನು ಏಳಲು ಹೋದೆನಂತೆ. ನನಗೆ ಒಂದು ಸಲದ್ದು ಮಾತ್ರ ನೆನಪಿದೆ.

ಮಾರ್ಚ್ 23, ಸೋಮವಾರ

ಟೀಚರ್ ಮನೆ ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹಿಂದೆ, ಅಂಗಡಿಯೊಂದರ ಹಿಂಬದಿಯ ಕೋಣೆ. ಬಾಗಿಲಿಗೆ ಹಲಗೆ ಇಟ್ಟುಕೊಂಡು ಹತ್ತಿ ಇಳಿಯುತ್ತಾರೆ. ಒಳಗೆ ಐದು ಜನ ಕಲಿಯುವವರು ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತಿದ್ದರು.

ತಪ್ಪಾಯಿತು ಎಂದೆ. ಅವರು ಚೀಲ ತೆಗೆದಿಟ್ಟು ಕೂರಲು ಜಾಗ ಮಾಡಿದರು.

"ನಮ್ಮ ಮುಂದಿನ ಕೋಣೆಯಲ್ಲಿ ಕ್ಲಾಸ್ ಮಾಡ್ತೀರಾ ಅಂತ ಅಮ್ಮ ಕೇಳ್ತಿದಾಳೆ," ಅಂದೆ.

"ಅಮ್ಮ ಕೇಳ್ತಿದಾರೆ. ನೀವು?"

ಟೇಪ್ ತೆಗೆದೆ. "ಕೈ ಚಾಚಿ," ಅಂದೆ. ಅವರು ನಕ್ಕು ಚಾಚಿದರು. ಕುರ್ಚಿಯ ಸೀಟಿನಿಂದ ಭುಜ ಹತ್ತೊಂಬತ್ತು, ತೋಳು ಇಪ್ಪತ್ತು. ಮೈಮೇಲೆ ಟೇಪ್ ಇಟ್ಟು ಅಳೆದಾಗ, ಉಸಿರಿಗೆ ಎದೆಯ ಅಳತೆ ಅರ್ಧ ಅಂಗುಲ ಏರಿ ಇಳಿಯಿತು. ಈ ಪುಸ್ತಕದ ಮುಂಭಾಗದಲ್ಲಿ ಬರೆದುಕೊಂಡೆ. ಐದು ತಿಂಗಳ ಮೇಲೆ ಹೊಸ ಪುಟ.

ಮಾರ್ಚ್ 27

ಸ್ವಿಚ್, ಕನ್ನಡಿ, ಬೇಸಿನ್, ಕಂಬಿ ಎಲ್ಲವನ್ನೂ ಕಿತ್ತು ಮತ್ತೆ ಹಾಕಬೇಕು ಎಂದಾಗ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತರು.

"ಈ ಸಲ ಅಳತೆ ಕೊಟ್ಟವರು ಬದುಕಿದಾರೆ ತಾನೆ?"

"ಬದುಕಿದಾರೆ. ಜೋರಾಗಿಯೇ ಇದಾರೆ."

"ಹಾಗಾದ್ರೆ ಮಾಡ್ತೀನಿ," ಎಂದರು. ಮಧ್ಯಾಹ್ನ ಒಳಗೇ ಕೂತು ಉಂಡರು, ಬೆನ್ನು ಮಾತ್ರ ಗೋಡೆಗೆ ಒತ್ತಿಕೊಂಡು.

ಅವರ ಕರಣೆ ಇಟ್ಟಲ್ಲೇ ಇತ್ತು. ಅದನ್ನು ಅವರು ಮೂರು ಸಲ ನೋಡಿಕೊಂಡರು. ನಾನೂ ನೋಡಿದೆ.

ಏಪ್ರಿಲ್ 1

ಕುರ್ಚಿಯನ್ನು ಸೈಕಲ್ ಶಾಪಿನವರಿಗೆ ಕೊಟ್ಟೆವು. ಆಸ್ಪತ್ರೆಯಿಂದ ಬಂದ ಒಬ್ಬರಿಗೆ ಬೇಕಿದೆಯಂತೆ. ಎಡಗಾಲಿಯನ್ನು ಪೂರ್ತಿ ಬದಲಿಸಿಯೇ ಕೊಡುತ್ತಾರಂತೆ. ತೆಗೆದುಕೊಂಡು ಹೋಗುವಾಗ ಅಮ್ಮ ಒಳಗೆ ಹೋದಳು. ನಾನು ಬೀದಿಯ ತಿರುವಿನವರೆಗೆ ನೋಡುತ್ತಾ ನಿಂತೆ.

ಏಪ್ರಿಲ್ 6, ಸೋಮವಾರ

ಎರಡು ಗಂಟೆ. ಅಮ್ಮನೂ ನಾನೂ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದೆವು. ನನ್ನ ಎರಡೂ ಕೈಗಳು ನನ್ನ ಮಡಿಲಲ್ಲಿದ್ದವು, ನನಗೆ ಕಾಣಿಸುತ್ತಿದ್ದವು.

ಹಾಲಿನಲ್ಲಿ "ಟಿಕ್" ಅಂದಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಇನ್ನೊಂದು. ಕೋಣೆಯ ಕಡೆ ಹೋಗಿ, ಅಲ್ಲಿ ನಿಂತಿತು.

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಇಬ್ಬರೂ ಏಳಲಿಲ್ಲ.

"ಇರಲಿ," ಎಂದಳು ಅಮ್ಮ.

ಏಪ್ರಿಲ್ 20, ಸೋಮವಾರ

ಕ್ಲಾಸ್ ಶುರುವಾಯಿತು. ಚಿಕ್ಕಪ್ಪ ಬಂದು ಇಳಿಜಾರಿನ ಕಟ್ಟೆಯ ಮೇಲೆ ಕೂತು, ಇದು ತಮ್ಮದೇ ಯೋಜನೆ ಎಂಬಂತೆ ದಾರಿಹೋಕರಿಗೆ ವಿವರಿಸುತ್ತಿದ್ದರು. ಅಮ್ಮ ಎಲ್ಲರಿಗೂ ಚಹಾ ಮಾಡಿದಳು.

ಟೀಚರ್ ಮೊದಲು ಕೋಣೆಯೊಳಗೆ ಬಂದರು. ನಡುವಿನಲ್ಲಿ ನಿಲ್ಲಬಹುದಿತ್ತು, ಐದಡಿ ಜಾಗ ಅವರಿಗೆಂದೇ ಬಿಟ್ಟಿತ್ತು. ಅವರು ಕುರ್ಚಿಯನ್ನು ಎಡಕ್ಕೆ ಸರಿಸಿ, ಬಲಗಡೆ ಒಬ್ಬರಿಗಾಗುವಷ್ಟು ಬಿಟ್ಟು ಬ್ರೇಕ್ ಹಾಕಿದರು.

"ನಡುವೆ ಬನ್ನಿ," ಅಂದೆ.

ಅವರು ಆ ಜಾಗವನ್ನು ಆಗಷ್ಟೇ ಗಮನಿಸಿದವರಂತೆ ನೋಡಿದರು. "ಅಭ್ಯಾಸ," ಎಂದರು. "ಮೆಷಿನ್ ಕೊಡೋಕೆ ಬಂದಾಗೆಲ್ಲ ನಾನು ಗೇಟಿನ ಹೊರಗೆ, ಅವರು ಮೆಟ್ಟಿಲ ಪಕ್ಕದ ಕಟ್ಟೆ ಮೇಲೆ, ನನ್ನ ಬಲಗಡೆ. ಒಂದೊಂದು ದಿನ ಒಂದು ಗಂಟೆ ಮಾತಾಡ್ತಿದ್ವಿ. ಅವರು ಬಂದರೆ ಜಾಗ ಬೇಕಲ್ಲ ಅಂತ ಕೈ ತಾನೇ ಸರಿಸಿಬಿಡ್ತು."

ಅವನು ಗೇಟಿನ ಹತ್ತಿರ ಒಂದು ಗಂಟೆ ಮಾತಾಡುತ್ತಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ಒಳಗೆ ಮೆಷಿನ್ ತುಳಿಯುತ್ತಿದ್ದೆನೇನೋ. ಏನು ಮಾತಾಡುತ್ತಿದ್ದಿರಿ ಎಂದು ಕೇಳಬೇಕು. ಇವತ್ತಲ್ಲ, ಇನ್ನೊಂದು ದಿನ.

ಆ ಖಾಲಿ ಜಾಗದ ಹತ್ತಿರ ಸ್ವಲ್ಪ ತಂಪಿತ್ತು. ಕಿಟಕಿ ತೆರೆದಿತ್ತು, ಅದಕ್ಕೂ ಇರಬಹುದು.

ಕಲಿಯುವವರು ಒಬ್ಬೊಬ್ಬರಾಗಿ ಬಂದರು. ಕೊನೆಗೆ ಬಂದವಳು ಊರುಗೋಲಿನ ಹುಡುಗಿ, ಇಪ್ಪತ್ತರ ಒಳಗಿನವಳು, ಎಡಗೈ ಬೆರಳುಗಳು ಬಿಗಿದುಕೊಂಡಿವೆ. ಎಲ್ಲ ಕಡೆ ನೋಡಿ, ಯಾರನ್ನೂ ಕೇಳದೆ, ಟೀಚರ್ ಬಲಕ್ಕಿದ್ದ ಆ ಜಾಗಕ್ಕೆ ಸ್ಟೂಲ್ ಎಳೆದುಕೊಂಡು ಕೂತಳು. ಊರುಗೋಲನ್ನು ಗೋಡೆಗೆ ಒರಗಿಸಿದಳು. ಟೀಚರ್ ನನ್ನತ್ತ ನೋಡಿದರು. ನಾನು ಆ ಸ್ಟೂಲನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಹುಡುಗಿ ಸೂಜಿ ತೆಗೆದಳು.

ದಾರ ಪೋಣಿಸಲು ಒದ್ದಾಡುತ್ತಿದ್ದಳು. ಬೆರಳು ನಡುಗಿ ದಾರ ಪಕ್ಕಕ್ಕೆ ಹೋಗುತ್ತಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಸೂಜಿಯನ್ನು ಹಿಡಿದೇಬಿಟ್ಟಿತ್ತು.

"ನಾನೇ ಮಾಡ್ತೀನಿ ಆಂಟಿ," ಎಂದಳು, ತಲೆ ಎತ್ತದೆ.

ಕೈ ಹಿಂದಕ್ಕೆ ತೆಗೆದುಕೊಂಡೆ. ಪಕ್ಕದಲ್ಲಿ ನೆಲದ ಮೇಲೆ ಕೂತು ಕಾದೆ. ಏಳನೆಯ ಸಲಕ್ಕೆ ದಾರ ತೂರಿತು.

"ಗಂಟು ಹಾಕೋದು ಹೇಗೆ?" ಎಂದು ಕೇಳಿದಳು.

ಅದನ್ನು ಹೇಳಿಕೊಟ್ಟೆ.